ಅಕ್ಕನ ದನಿ ತೆಗೆದ ಹಾಡು

ಹಿರೇಕೆರೂರಿನ ನಮ್ಮ ಮನೆಯ ಕೋಣೆಯಲ್ಲಿ ದನಿ ಮಾರ್ದನಿಸದಂತೆ ಗೋಡೆಗೆಲ್ಲ ಕೌದಿ ಕಟ್ಟಿ, ನಾನು ಬರೆದ ಹಾಡನ್ನು ಅಕ್ಕನಿಂದ ಹಾಡಿಸಿ ರೆಕಾರ್ಡ್ ಮಾಡಿದ್ದೆ. ಯೂಟ್ಯೂಬಿಗೆ ಹಾಕಿದ ಮೇಲೆ ಓಣಿಯ ಹೆಂಗಸರು ಅವಳನ್ನು ನಿಲ್ಲಿಸಿ ಹೊಗಳುತ್ತಿದ್ದರು.

ಅಷ್ಟರಲ್ಲಿ ಹಾನಗಲ್ಲಿನಿಂದ ಅವಳಿಗೆ ಸಂಬಂಧ ಬಂತು. ಹುಡುಗನ ತಂದೆ ಅಪ್ಪನಿಗೆ, "ಹಾಡು ಚಲೋ ಐತ್ರಿ. ಆದ್ರ ನಮ್ಮನಿ ಸೊಸಿ ದನಿ ಮಂದಿ ಮೊಬೈಲ್‌ನಾಗ ಬ್ಯಾಡ್ರಿ" ಎಂದರು. ಅಪ್ಪ ಒಪ್ಪಿಬಿಟ್ಟ. ನಾನು ಜಗಳಕ್ಕೆ ನಿಂತೆ.

ಅಕ್ಕನೇ ಒಳಗೆ ಕರೆದು, "ತಗದುಬಿಡೋ, ನನ್ನ ಸಲುವಾಗಿ ಜಗಳಾ ಬ್ಯಾಡ" ಎಂದಳು.

ಯೂಟ್ಯೂಬಿನಿಂದ ಹಾಡು ತೆಗೆದೆ. ಅವಳ ದನಿ ಅಳಿಸಿ, ಅದೇ ತಬಲಾ, ಹಾರ್ಮೋನಿಯಂ ಜೊತೆಗೆ ನನ್ನ ದನಿ ಕೂಡಿಸಿ ಮತ್ತೆ ಮಿಕ್ಸ್ ಮಾಡಿದೆ. ಮದುವೆಯಲ್ಲಿ ಅದನ್ನೇ ಹಚ್ಚಿದರು. ಅಕ್ಕನ ಮಾವ ನನ್ನ ಬೆನ್ನು ತಟ್ಟಿ, "ಎಂಥಾ ದನಿನೋ ತಮ್ಮಾ ನಿಂದು!" ಎಂದರು. ಪಕ್ಕದಲ್ಲಿದ್ದ ಅಕ್ಕ ತಲೆ ಎತ್ತಲಿಲ್ಲ.

ಈಗ ತವರಿಗೆ ಬಂದಾಗಲೂ ಅವಳು ಗುನುಗುವುದಿಲ್ಲ. ‘ಹಾಡು’ ಎಂದು ಅವಳಿಗೆ ಹೇಳುವ ಧೈರ್ಯ ನನಗೂ ಇಲ್ಲ.