ಪಕ್ಕದ ಸೀಟು

ಡ್ರೈವರಣ್ಣನ ಬಲಗೈ ಎಡಗೈಗಿಂತ ಕಪ್ಪಗಿತ್ತು. ಸರ್ಕಾರಿ ಬಸ್ಸಿನ ಕಿಟಕಿಗೆ ಮೊಣಕೈ ಊರಿಕೊಂಡೇ ಅವರ ಸರ್ವೀಸೆಲ್ಲ ಕಳೆದಿತ್ತು. ಹುಣಸೂರಿಂದ ಎಚ್.ಡಿ. ಕೋಟೆಗೆ, ಕೋಟೆಯಿಂದ ಹುಣಸೂರಿಗೆ. ಅಷ್ಟೂ ವರ್ಷದ ಬಿಸಿಲನ್ನು ಆ ಒಂದೇ ಕೈ ಕುಡಿದಿತ್ತು.

ನಮ್ಮ ಬೀದಿಯ ಕೊನೆಯ ಮನೆ ಅವರದು. ಊರಿಗೆಲ್ಲ ಡ್ರೈವರಣ್ಣ, ನನಗೆ ಮಾಮ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ನಿವೃತ್ತಿಯಾದಾಗ ಜನ ಸೈಟು ತಗೊಳ್ಳಿ, ಹೊಗೆಸೊಪ್ಪು ಹದಮಾಡುವ ಬ್ಯಾರನ್ ಕಟ್ಟಿಸಿ ಎಂದೆಲ್ಲ ಬುದ್ಧಿ ಹೇಳಿದರು. ಅವರು ಕೊಡಗಿಗೆ ಹೋಗಿ, ತೋಟದ ಮಾಲೀಕರೊಬ್ಬರು ಮಾರಲಿಟ್ಟಿದ್ದ ಹಳೆಯ ಕೆಂಪು ಸ್ಪೋರ್ಟ್ಸ್ ಕಾರನ್ನು ಓಡಿಸಿಕೊಂಡು ಬಂದರು. ಎರಡೇ ಸೀಟು. ನೆಲಕ್ಕೆ ಅಂಟಿಕೊಂಡಂಥ ಮೈ.

ಕಾಲೇಜಿನ ಚರ್ಚಾ ತಂಡದಲ್ಲಿದ್ದ ನನಗೆ ಇದಕ್ಕಿಂತ ಸುಲಭದ ವಿಷಯ ಸಿಕ್ಕಿರಲಿಲ್ಲ. ಒಂದು ಮೂಟೆ ರಾಗಿ ಹಿಡಿಸುವುದಿಲ್ಲ, ನಾಲ್ಕು ಜನ ಕೂರುವಂತಿಲ್ಲ, ಊರಿಗೊಂದು ರೋಡ್ ಹಂಪ್ ಇರುವ ಸೀಮೆಯಲ್ಲಿ ವೇಗದ ಕಾರಿನಿಂದ ಏನು ಪ್ರಯೋಜನ? ಅವರು ಪೂರ್ತಿ ಕೇಳಿಸಿಕೊಂಡರು.

"ನೀ ಹೇಳೋದೆಲ್ಲ ದಿಟ ಕಣ್ಲಾ. ಬಸ್ಸು ಹೇಳಿದ್ ಮಾತು ಕೇಳ್ತದೆ. ಇದು ಹೇಳೋಕ್ ಮುಂಚೇನೇ ಕೇಳ್ತದೆ. ಇದಕ್ಕೇನಂತೀಯ?"

ಅದು ವಾದವೇ ಅಲ್ಲ ಎಂದೆ. ನಕ್ಕರು.

ಇನ್ನೊಂದು ದಿನ, ಕಾರು ಒರೆಸುತ್ತ, ಕೇಳದೆಯೇ ಹೇಳಿದರು: "ಅಷ್ಟ್ ವರ್ಸ ಬೆನ್ನಿಂದೆ ಬಸ್ ತುಂಬ ಜನ. ಒಬ್ರ ಮುಖಾನೂ ಸರ್ಯಾಗ್ ನೋಡ್ನಿಲ್ಲ. ಇದ್ರಲ್ಲಿ ಕೂತ್ರೆ ಪಕ್ಕದಲ್ಲೇ ಕೂರ್ಬೇಕು ನೋಡು."

ಆದರೆ ಪಕ್ಕದಲ್ಲಿ ಕೂತವರ್‍ಯಾರೂ ಎರಡನೇ ಸಲ ಬರುತ್ತಿರಲಿಲ್ಲ. ಇಬ್ಬರ ಭಾರಕ್ಕೆ ಕಾರಿನ ತಳ ರಸ್ತೆಯ ಹಂಪಿಗೆ ಉಜ್ಜುತ್ತಿತ್ತು. ಹಾಗಾಗಿ ಹಂಪ್ ಬಂದಾಗೆಲ್ಲ ಕಾರು ನಿಲ್ಲಿಸಿ, "ಸ್ವಲ್ಪ ಇಳೀತೀರಾ?" ಎನ್ನುವರು. ಇಳಿದವರು ನಡೆದು ದಾಟಿ, ಆಚೆ ಮತ್ತೆ ಬಗ್ಗಿ ಹತ್ತಬೇಕು. "ಅದ್ರ ಬದ್ಲು ನಡ್ಕಂಡೇ ಓಯ್ತೀನಿ ಬುಡಿ," ಎಂದು ಹಾಲಿನ ಡೇರಿಯವರು ಅರ್ಧ ದಾರಿಯಲ್ಲೇ ಕೈಮುಗಿದಿದ್ದರಂತೆ. ಕೊನೆಗೆ ಸಂಜೆ ಹೊತ್ತು ಮಾಮ ಒಬ್ಬರೇ ಹೋಗಿ ಒಬ್ಬರೇ ಬರುತ್ತಿದ್ದರು.

ಹುರುಳಿ ಕಿತ್ತ ಕಾಲ. ಅವತ್ತು ಜೊತೆಗೆ ನಾನಿದ್ದೆ. ಪಿರಿಯಾಪಟ್ಟಣ ದಾಟಿ ರಾವಂದೂರಿನ ದಾರಿಯಲ್ಲಿ, ಓಡಾಡುವ ಗಾಡಿಗಳು ತುಳಿದು ಕಾಳು ಬಿಡಿಸಲಿ ಎಂದು ಹೆಂಗಸೊಬ್ಬಳು ಟಾರಿನ ಮೇಲೆ ಹುರುಳಿ ಗಿಡ ಹರಡಿದ್ದಳು. ಮಾಮ ಕಾರು ನಿಲ್ಲಿಸಿದರು.

"ಯಾಕ್ ನಿಂತ್ಕಂಡ್ರಿ ಸ್ವಾಮಿ? ಅತ್ತಿಸಿ!"

"ಕಾರಿನ್ ಒಟ್ಟೆ ನೆಲಕ್ಕೆ ತಾಗ್ತದೆ ಕಣವ್ವ."

"ತೆಳ್ಳಗೆ ಅರಡ್ತೀನಿ ಬುಡಿ. ಗಾಲಿ ಒಳ್ಳೆ ಅಗಲವಾಗವೆ, ಚೆಂದಾಗ್ ತುಳೀತವೆ. ಈ ಬೈಕ್ನೋರು ಸುಮ್ಕೆ ಗೀಟು ಎಳ್ಕಂಡ್ ಓಯ್ತಾರೆ ಅಷ್ಟೆ."

ನಾನು ಇಳಿದೆ. ಮಾಮ ಮುಂದಕ್ಕೆ ಹೋದರು, ಹಿಂದಕ್ಕೆ ಬಂದರು, ಮತ್ತೆ ಹೋದರು. ಆಕೆ ಕೋಲಿನಿಂದ ಗಿಡ ಮಗುಚುತ್ತ, "ಈ ಮಗ್ಗುಲಿಗ್ ಬನ್ನಿ, ಆ ಅಂಚು ಬುಟ್ರಿ," ಎಂದು ಅಪ್ಪಣೆ ಕೊಡುತ್ತಿದ್ದಳು. ಮಾಮನ ಮುಖದಲ್ಲಿ ಅಂಥ ಗೆಲುವನ್ನು ನಾನು ಕಂಡಿರಲಿಲ್ಲ.

"ಎಷ್ಟ್ ತುಳುದ್ರಿ! ಕೂಲಿ ಏನ್ ಕೊಡ್ಲಿ?"

"ಒಂದ್ ರೌಂಡ್ ಕೂತ್ಕೊಳ್ರವ್ವ, ಸಾಕು."

ಆಕೆ ಕೋಲನ್ನು ನನ್ನ ಕೈಗಿಟ್ಟು, ಸೆರಗು ಸಿಕ್ಕಿಸಿಕೊಂಡು ಕೂತೇಬಿಟ್ಟಳು. ಮುಂದೆ ಸ್ಕೂಲಿನ ಹತ್ತಿರದ ಹಂಪಿನಲ್ಲಿ ಕಾರು ಎಂದಿನಂತೆ ನಿಂತಿತು. ಬಾಗಿಲು ತೆರೆಯಲಿಲ್ಲ. ಆಕೆಯ ದನಿ ನಾನು ನಿಂತಲ್ಲಿಗೂ ಕೇಳಿಸಿತು: "ಕೂಲಿ ಅಂತ ಕೂರ್ಸ್ಕಂಡು ಈಗ ಇಳಿ ಅಂದ್ರೆ? ನಾ ಇಳಿಯಾಕಿಲ್ಲ!"

ಆಮೇಲೆ ಗರ್‍ರ್ ಎಂದು ತಳ ಉಜ್ಜುವ ಸದ್ದು. ಕಾರು ದಾಟಿತು.

ಆಕೆಯನ್ನು ವಾಪಸು ತಂದು ಬಿಟ್ಟು ನಾವಿಬ್ಬರೂ ಮುಂದಕ್ಕೆ ಹೊರಟಾಗ, ಅದೇ ಹಂಪಿನಲ್ಲಿ ನಾನು ಬಾಗಿಲಿಗೆ ಕೈ ಹಾಕಿದೆ. "ಇಳೀಬೇಡ ಕೂತ್ಕೊ," ಎಂದರು.

"ಗೀಚೋಗತ್ತೆ ಮಾಮ."

"ಓಗ್ಲಿ ಬುಡು. ಎಲ್ರನ್ನೂ ನಾನೇ ಇಳಿಸ್ಬುಟ್ಟಿದ್ದೆ ಕಣ್ಲಾ."

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಮಾಮ ಬೀದಿಯಲ್ಲಿ ಎಲ್ಲರಿಗೂ ಹೇಳಿದರು, "ಈಗ ಇಳಿಸಾಕಿಲ್ಲ, ಬನ್ನಿ." ಜನ ನಕ್ಕರು. ಒಬ್ಬರಿಗೆ ಗ್ಯಾಸ್ ಸಿಲಿಂಡರ್ ತರುವುದಿತ್ತು, ಇನ್ನೊಬ್ಬರಿಗೆ ಹೆಂಡತಿ ಮಕ್ಕಳನ್ನು ಬಿಟ್ಟು ಒಬ್ಬರೇ ಹತ್ತುವುದು ಹೇಗೆಂಬ ಚಿಂತೆ. ನಾನು ಕೆಲವು ಸಂಜೆ ಹೋದೆ, ಪರೀಕ್ಷೆ ಇಲ್ಲದಾಗ. ಉಳಿದ ಸಂಜೆಗಳಲ್ಲಿ ಪಕ್ಕದ ಸೀಟು ಖಾಲಿಯೇ. ಈ ಆಷಾಢದಲ್ಲಿ ಒಂದು ಬೆಳಿಗ್ಗೆ ಅವರು ಏಳಲಿಲ್ಲ. ಕಾರನ್ನು ದೂರದ ಸಂಬಂಧಿಯೊಬ್ಬರು ಒಯ್ದರು.

ಆ ಕಾರು ದಂಡ ಎಂಬ ನನ್ನ ವಾದ ಇವತ್ತಿಗೂ ಬಿದ್ದಿಲ್ಲ. ನಾನು ಅದನ್ನು ಮಂಡಿಸುವುದನ್ನು ಬಿಟ್ಟಿದ್ದೇನೆ, ಅಷ್ಟೆ. ಮೊನ್ನೆ ಮೈಸೂರಿನ ಬಸ್ಸಿನಲ್ಲಿ ಹಿಂದೆಲ್ಲ ಸೀಟು ಖಾಲಿಯಿತ್ತು. ನಾನು ಮುಂದೆ ಹೋಗಿ, ಡ್ರೈವರ್ ಪಕ್ಕ, ಎಂಜಿನ್ನಿನ ಬಿಸಿ ತಾಗುವ ಜಾಗದಲ್ಲಿ ಕೂತೆ.

"ಊಟ ಆಯ್ತಾ ಅಣ್ಣ?" ಎಂದೆ.

ಡ್ರೈವರ್ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಯಾರನ್ನು ಕೇಳಿದ್ದು ಎಂದು ಗೊತ್ತಾಗಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಇನ್ನೂ ಇಲ್ಲ ಕಣಪ್ಪ," ಎಂದರು. "ನಿಂದು?"