ಕರಡಿ ಉಳಿಸುತ್ತಿದ್ದ ಪಾಲು

ನಮ್ಮ ಯಜಮಾನರು ಮೃಗಾಲಯದಲ್ಲಿ ಅಡುಗೆಯವರು. ಮನೆಯಲ್ಲಿ ನೀರು ಕಾಯಿಸಲೂ ಬಾರದು. ಅಲ್ಲಿ ಮಾತ್ರ ಹುಲಿಗೆ ಮಾಂಸ, ಮಂಗಗಳಿಗೆ ಹಣ್ಣು, ಎಲ್ಲವನ್ನೂ ಅಳೆದು ತೂಗಿ ಹೆಚ್ಚಿಕೊಡುತ್ತಾರೆ. ಅವರು ಹೆಚ್ಚಿದ ಮೀನಿನ ತುಂಡುಗಳಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇರುವುದಿಲ್ಲ. ಆ ಬಗ್ಗೆ ಜಂಬಕ್ಕೇನೂ ಕಡಿಮೆಯಿಲ್ಲ.

ಅಲ್ಲಿನ ತಂಪು ಕೋಣೆಯಲ್ಲಿ ಮುದಿ ಹಿಮಕರಡಿಯೊಂದಿತ್ತು, ಪಕ್ಕದ ಕೋಣೆಯಲ್ಲಿ ಒಂದು ಹಿಮನರಿ. ಕರಡಿ ಕೊಬ್ಬನ್ನಷ್ಟೇ ತಿಂದು ಬಿಟ್ಟ ಮಾಂಸವನ್ನು ಅದೇ ತಟ್ಟೆಯಲ್ಲಿ ನರಿಗೆ ತಳ್ಳುವುದು ಇವರ ರೂಢಿ. ಕರಡಿ ಸತ್ತ ಮೇಲೆ ಇವರಿಗೆ ನರಿಯ ಮೇಲೆ ಕರುಣೆ ಉಕ್ಕಿತು.

"ಪಾಪ, ಇಷ್ಟು ದಿನ ಎಂಜಲು ತಿಂತು. ಇನ್ಮೇಲೆ ಒಳ್ಳೇದೇ ಕೊಡ್ತೀನಿ ಕಣೇ" ಎಂದು ಹೊಸ ತಟ್ಟೆಯಲ್ಲಿ ಮುಳ್ಳು ತೆಗೆದ ಮೀನು ಜೋಡಿಸಿಟ್ಟರು. ನರಿ ಮೂಸಿಯೂ ನೋಡಲಿಲ್ಲ. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ಅದರ ಪಕ್ಕೆಲುಬು ಎದ್ದು ಕಾಣತೊಡಗಿತು. ಅದು ಸತ್ತರೆ ತಾನೇ ಕೊಂದಂತೆ ಎಂಬ ಕೊರಗಿನಲ್ಲಿ ಇವರೂ ಊಟ ಬಿಟ್ಟರು.

ಮೃಗಾಲಯದ ಡಾಕ್ಟರಮ್ಮ ನರಿಯನ್ನು ಪರೀಕ್ಷಿಸಿ, ರೋಗವೇನೂ ಇಲ್ಲ ಎಂದರು. "ಅಡುಗೆಯವ್ರೇ, ಉತ್ತರ ಧ್ರುವದಲ್ಲಿ ಮಂಜುಗಡ್ಡೆ ಕೆಳಗೆ ಬೆಳೆಯೋ ಪಾಚೀನ ಪುಟ್ಟಪುಟ್ಟ ಸೀಗಡಿ ತಿನ್ನುತ್ತೆ. ಸೀಗಡೀನ ಮೀನು, ಮೀನನ್ನ ಸೀಲು ಅನ್ನೋ ಕಡಲಪ್ರಾಣಿ, ಸೀಲನ್ನ ಕರಡಿ. ಚಳಿಗಾಲದಲ್ಲಿ ನರಿ ಆ ಕರಡಿ ಹಿಂದೆಯೇ ಅಲೀತಿರುತ್ತೆ, ಅದು ಬಿಟ್ಟಿದ್ದು ತಿನ್ನೋಕೆ. ನಿಮ್ಮ ನರಿಗೆ ಕರಡಿ ವಾಸನೇನೇ ಊಟ ಅಂತ ಗೊತ್ತಿರೋದು."

ಮಾರನೆಯ ಬೆಳಿಗ್ಗೆ ಇವರು ಮೂಲೆಗೆಸೆದಿದ್ದ ಕರಡಿಯ ಸೊಟ್ಟ ತಟ್ಟೆಯನ್ನು ಹುಡುಕಿ ತಂದರು. ಚಾಕು ಪಕ್ಕಕ್ಕಿಟ್ಟು, ಮಾಂಸವನ್ನು ಕೈಯಿಂದಲೇ ಅಡ್ಡಾದಿಡ್ಡಿ ಹರಿದು, ಕರಡಿಯ ಕೋಣೆಯ ನೆಲದಲ್ಲೆಲ್ಲ ಎಳೆದಾಡಿ ನರಿಯ ಕಡೆಗೆ ತಳ್ಳಿದರು. ಅಷ್ಟು ಕೆಟ್ಟದಾಗಿ ಅವರು ಜನ್ಮದಲ್ಲಿ ಬಡಿಸಿರಲಿಲ್ಲ. ನರಿ ಬಂತು, ಮೂಸಿತು, ಚೂರೂ ಬಿಡದೆ ತಿಂದಿತು.

ಸಂಜೆ ಮನೆಗೆ ಬಂದವರೇ, ನನ್ನನ್ನು ದಾಟಿಕೊಂಡು, ನಮ್ಮ ಜೊತೆಗೇ ಇರುವ ಅವರ ಅಕ್ಕನ ಎದುರು ಕೂತು ಎಲ್ಲ ಹೇಳಿದರು. ತಂದೆ ತಾಯಿ ಇಲ್ಲದ ಇವರನ್ನು ಸಾಕಿದವರು ಆ ಅತ್ತಿಗೆಯೇ. ಆಗ ಹಾಸ್ಟೆಲ್ಲೊಂದರಲ್ಲಿ ಪಾತ್ರೆ ತೊಳೆದು, ಅಲ್ಲಿ ಕೊಟ್ಟ ಒಂದು ಡಬ್ಬಿ ಊಟವನ್ನು ಮನೆಗೆ ತರುತ್ತಿದ್ದರು. ದಿನವೂ ಎರಡು ತುತ್ತು ತಿಂದು, ಹೊಟ್ಟೆ ತುಂಬಿತು ಎಂದು ಉಳಿದದ್ದನ್ನು ತಮ್ಮನಿಗೆ ಕೊಡುತ್ತಿದ್ದರಂತೆ.

"ಅಕ್ಕಾ, ಆಗ ನಿಂಗೆ ನಿಜವಾಗ್ಲೂ ಹೊಟ್ಟೆ ತುಂಬ್ತಿತ್ತಾ?"

"ಎರಡು ತುತ್ತಿಗಾ? ನಂದೇನು ಗುಬ್ಬಿ ಹೊಟ್ಟೆನಾ?" ಅತ್ತಿಗೆ ನಕ್ಕರು. "ಪೂರ್ತಿ ಕೊಟ್ರೆ, ಅಕ್ಕನ ಊಟ ಬೇಡ ಅಂತ ನೀನು ಮುಟ್ತಾನೇ ಇರ್ಲಿಲ್ವಲ್ಲೋ."

ಇವರು ಅಕ್ಕನ ಕೈ ಹಿಡಿದುಕೊಂಡರು. "ನೀನಿದ್ದಿದ್ದಕ್ಕೆ ನಾನು ಬದುಕ್ದೆ ಅಕ್ಕಾ" ಎಂದರು. ನನಗೂ ಕಣ್ಣು ತುಂಬಿ ಬಂತು; ಆ ಡಬ್ಬಿಯ ಋಣ ನನ್ನ ಮೇಲೂ ಇದೆಯಲ್ಲ.

ನಾನು ಊಟಕ್ಕೆ ಬಡಿಸಿದೆ. ಇವರು ಎರಡು ತುತ್ತು ತಿಂದು ತಮ್ಮ ತಟ್ಟೆಯನ್ನು ಅಕ್ಕನತ್ತ ಸರಿಸಿದರು. "ನಂಗೆ ಸಾಕಾಯ್ತು. ನೀನು ಮುಗಿಸು."

"ನಾನೇನು ನಿನ್ನ ನರಿನಾ?" ಎಂದು ಗದರುತ್ತಲೇ ಅತ್ತಿಗೆ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.