ಕಮಾನಿಗೆ ಮರಳಿದ ಒಗೆಯುವ ಕಲ್ಲು

ಹಳೆಯ ಕೋಟೆಯ ಬುಡದ ಓಣಿಯಲ್ಲಿ ಎಲ್ಲರೂ ಆಕೆಯನ್ನು ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಹಿತ್ತಲಿನ ಕಲ್ಲೊಂದನ್ನು ನಂಬಿ ಬದುಕಿದವಳು. ಊರವರ ಬಟ್ಟೆಯನ್ನು ಅದರ ಮೇಲೆ ಒಗೆದು, ಮುಂದಿನ ಕೋಣೆಯಲ್ಲಿ ಇಸ್ತ್ರಿ ಮಾಡಿಯೇ ಮಗಳನ್ನು ನರ್ಸಿಂಗ್ ಓದಿಸಿದ್ದಳು.

ಕೋಟೆಯ ಹೆಬ್ಬಾಗಿಲನ್ನು ದುರಸ್ತಿ ಮಾಡಲು ಬಂದಿದ್ದ ಕಲ್ಲುಕೆಲಸದ ಮೇಸ್ತ್ರಿ ಒಂದು ದಿನ ಅಂಗಿ ಒಯ್ಯಲು ಬಂದವನು, ಹಿತ್ತಲಿನತ್ತ ಕಣ್ಣು ಹಾಯಿಸಿ ನಿಂತುಬಿಟ್ಟ. ಕಲ್ಲಿನ ಒಂದು ತುದಿ ಅಗಲ, ಇನ್ನೊಂದು ಕಿರಿದು.

"ಅಕ್ಕ, ಇದು ಎಲ್ಲಿಂದ ಬಂತು?"

"ಅತ್ತೆನ ಕೇಳಪ್ಪ. ಈ ಮನೆಗೆ ನನಗಿಂತ ಮುಂಚೆ ಬಂದಿರೋದು ಅದು."

ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ಕೋಟೆದೇ. ಹೆಬ್ಬಾಗಿಲ ಕಮಾನು ಬಿದ್ದಾಗ ಓಣಿಯವರೆಲ್ಲ ಕಲ್ಲು ತಂದ್ರು. ನಮ್ಮ ಯಜಮಾನ್ರು ಇದನ್ನ ಉರುಳಿಸ್ಕೊಂಡು ಬಂದ್ರು. ರಾಜರೇನು ವಾಪಸ್ ಕೇಳೋಕೆ ಬರ್ತಾರಾ ಅಂದಿದ್ರು. ನೋಡು, ಬಂದೇಬಿಟ್ರು."

ಮೇಸ್ತ್ರಿ ನಕ್ಕ. ಕಮಾನಿನ ಉಳಿದ ಕಲ್ಲುಗಳು ಮಣ್ಣಿನಡಿಯಲ್ಲೋ ಯಾರದೋ ಮೆಟ್ಟಿಲಲ್ಲೋ ಸಿಕ್ಕಿದ್ದವು. ನೆತ್ತಿಯಲ್ಲಿ ಕೂರುವ ನಡುಗಲ್ಲು ಮಾತ್ರ ಸಿಕ್ಕಿರಲಿಲ್ಲ. ಅದರ ಕೆತ್ತನೆ ಹೇಗಿತ್ತೆಂದು ಹೇಳುವವರೂ ಇರಲಿಲ್ಲ.

"ಆ ನಡುಗಲ್ಲು ಇದೇ ಅಕ್ಕ, ಕೊಟ್ಟರೆ ಮತ್ತೆ ಅಲ್ಲೇ ಕೂರಿಸ್ತೀನಿ. ಬಲವಂತ ಇಲ್ಲ. ಇದು ನಿಮ್ಮ ಅನ್ನದ ಕಲ್ಲು."

ಅಕ್ಕ ಕಲ್ಲಿನ ಮೇಲೆ ಕೈಯಾಡಿಸಿದಳು. ಆ ಕಲ್ಲಿನ ನಡುವಿನ ತಗ್ಗು ಅವಳ ಕೈಯದೇ. ಗಂಡ ಹೋದ ವಾರ ಅದರ ಮೇಲೆ ತಲೆಯಿಟ್ಟು ಅತ್ತು, ಎದ್ದು, ಅದರ ಮೇಲೇ ಬಟ್ಟೆ ಬಡಿದಿದ್ದಳು. ಅತ್ತೆಯ ಮುಖ ನೋಡಿದಳು.

"ನನ್ನ ಮುಖದಲ್ಲೇನಿದೆ? ಬಟ್ಟೆ ಬಡಿದವಳು ನೀನು. ನೀನೇ ಹೇಳು."

ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡಳು. "ಕೇಳದೆ ತಂದದ್ದು ಇಷ್ಟು ವರ್ಷ ನಮ್ಮನ್ನ ಸಾಕ್ತು. ಈಗ ಕೇಳಿಕೊಂಡು ಬಂದಿದ್ದಾರೆ. ಇಲ್ಲ ಅನ್ನೋಕೆ ನನಗೆ ಬಾಯಿ ಬರಲ್ಲ ಅತ್ತೆ."

ಮರುದಿನ ಆಳುಗಳು ಹಾರೆ ಹಾಕಿ ಕಲ್ಲನ್ನು ಮಗುಚಿದರು. ಕೆಸರು ತೊಳೆದರೆ ಅಡಿಯಲ್ಲಿ ಅರಳಿದ ಹೂವು, ಒಂದು ದಳವೂ ಮುಕ್ಕಾಗದೆ.

"ಹೂವು ಮೇಲಾಗಿ ಬಿಸಿಲು ಮಳೆಯಲ್ಲಿ ಬಿದ್ದಿದ್ರೆ ಇದು ಉಳೀತಿರಲಿಲ್ಲ," ಎಂದ ಮೇಸ್ತ್ರಿ. "ನಿಮ್ಮ ಮನೆಯವರಿಗೆ ಕೈ ಮುಗೀಬೇಕು."

"ನಮ್ಮ ಯಜಮಾನ್ರು ನೆಟ್ಟಗೆ ಮಾಡಿದ ಕೆಲಸ ಇದೊಂದೇ," ಎಂದು ಅತ್ತೆ ಕಣ್ಣೊರೆಸಿಕೊಂಡಳು.

ಕಲ್ಲು ಕಮಾನಿನ ನೆತ್ತಿಯಲ್ಲಿ, ಹೂವಿನ ಮುಖ ರಸ್ತೆಯ ಕಡೆಗಾಗಿ ಕೂತಿತು. ತಗ್ಗು ಬಿದ್ದ ಮುಖವನ್ನು ಸಮ ಮಾಡಲು ಮೇಸ್ತ್ರಿಗೆ ಮನಸ್ಸಾಗಲಿಲ್ಲ. ಹಾಗೆಯೇ ಒಳಗಡೆಗೆ ಬಿಟ್ಟ. ಅಕ್ಕನಿಗೆ ಬೇರೊಂದು ಕಲ್ಲು ಕಡೆದುಕೊಟ್ಟ. ಅದಿನ್ನೂ ಒರಟು, ಕೈಗೆ ಒಗ್ಗಿಲ್ಲ. ಬಟ್ಟೆಗಂಟು ಹೊತ್ತು ಹೆಬ್ಬಾಗಿಲು ದಾಟುವಾಗ ಆಕೆ ಹೂವನ್ನು ನೋಡುವುದಿಲ್ಲ. ಒಳಗೆ ಬಂದು, ತಿರುಗಿ, ಆ ತಗ್ಗನ್ನು ನೋಡಿಯೇ ಮುಂದೆ ಹೋಗುತ್ತಾಳೆ.